ಕಡಲ ನಾಡಿನ ಊಟ

ಅತಿಥಿಗೆ ಬಡಿಸುವ ಊಟದಲ್ಲಿ ಆ ಮನೆಯ ಚರಿತ್ರೆಯೂ ಸ್ವಲ್ಪಮಟ್ಟಿಗೆ ಬೆರೆತಿರುತ್ತದೆ. ಮನೆಗೆ ಸಲ್ಲುವ ಈ ಮಾತು ನಾಡಿಗೂ ಸಲ್ಲುತ್ತದೆ. ಅಮೆರಿಕದ ಫ್ಲಾರಿಡಾ ತೀರದ ಆಗ್ನೇಯಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಚೆದುರಿರುವ ಬಹಾಮಾ ದ್ವೀಪಗಳು ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 700 ದ್ವೀಪಗಳ ಈ ನಾಡಿನಲ್ಲಿ ಜನವಸತಿ ಇರುವುದು 30ರಷ್ಟರಲ್ಲಿ ಮಾತ್ರ. ಸುಣ್ಣಕಲ್ಲಿನ ನೆಲದ ಮೇಲೆ ಮಣ್ಣಿನ ಹೊದಿಕೆ ತೆಳುವಾದುದರಿಂದ ಅಲ್ಲಿ ದೊಡ್ಡ ಬೇಸಾಯ ಸುಲಭವಲ್ಲ. ಕಡಲೇ ಆ ಜನರ ಹೊಲ.

ರಾಜಧಾನಿ ನಸ್ಸೌನಲ್ಲಿ ಅರವಾಕ್ ಕೀ ಎಂಬ ಕಡಲಂಚಿನ ತಾಣವೊಂದುಂಟು. ಅಲ್ಲಿ ಸಾಲಾಗಿ ನಿಂತ ಬಣ್ಣಬಣ್ಣದ ಚಿಕ್ಕ ಉಪಾಹಾರ ಗೃಹಗಳಲ್ಲಿ ಊರಿನವರೂ ಪ್ರವಾಸಿಗಳೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಅವರೆಲ್ಲರ ಅಚ್ಚುಮೆಚ್ಚಿನ ಆಹಾರ ಶಂಖದ ಮಾಂಸ. ಕನ್ನಡಿಗರಿಗೆ ಶಂಖವೆಂದರೆ ದೇವರ ಮನೆಯ ವಸ್ತು. ಶಂಖದಿಂದ ಬಂದರೇ ತೀರ್ಥ ಎಂಬ ಗಾದೆಯೇ ಇದೆ. ಬಹಾಮಾದವರಿಗಾದರೋ ಶಂಖದೊಳಗಿನ ಜೀವಿಯೇ ಮುಖ್ಯ. ಅವರು ಅದನ್ನು ಕಾಂಕ್ ಎಂದು ಕರೆಯುತ್ತಾರೆ. ಮಾರುವವನು ಚಿಪ್ಪಿನ ತುದಿಯ ಬಳಿ ರಂಧ್ರ ಮಾಡಿ, ಚಾಕುವಿನಿಂದ ಮಾಂಸವನ್ನು ಬಿಡಿಸಿ, ಸಣ್ಣದಾಗಿ ಹೆಚ್ಚುತ್ತಾನೆ. ಅದಕ್ಕೆ ಈರುಳ್ಳಿ, ಟೊಮೇಟೊ, ದೊಣ್ಣೆ ಮೆಣಸಿನಕಾಯಿ, ಖಾರದ ಮೆಣಸಿನಕಾಯಿಗಳನ್ನು ಬೆರೆಸಿ, ನಿಂಬೆ ಮತ್ತು ಹುಳಿ ಕಿತ್ತಳೆಯ ರಸವನ್ನು ಹಿಂಡಿದರೆ ಒಲೆಯ ಸೋಂಕಿಲ್ಲದ ಕೋಸಂಬರಿಯೊಂದು ಸಿದ್ಧವಾಗುತ್ತದೆ. ಅದೇ ಮಾಂಸವನ್ನು ಬಡಿದು ಮೆತ್ತಗೆ ಮಾಡಿ, ಹಿಟ್ಟಿನಲ್ಲಿ ಅದ್ದಿ ಕರಿಯುವುದೂ ಉಂಟು.

ಅದರ ಜೊತೆಗೆ ಬರುವ ಅನ್ನದಲ್ಲಿ ಕಾಣುವ ಕಾಳು ತೊಗರಿ. ಕಲಬುರಗಿಯ ಹೊಲಗಳಲ್ಲಿ ಬೆಳೆಯುವ ತೊಗರಿಯ ಬಳಗವೇ ಅದು. ಭಾರತದಲ್ಲಿ ಪ್ರಾಚೀನ ಕಾಲದಿಂದ ಬೆಳೆದ ಈ ಕಾಳು ಆಫ್ರಿಕಕ್ಕೆ ಹೋಗಿ, ಗುಲಾಮರ ವ್ಯಾಪಾರದ ಕಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಇಂದಿನ ಬಹಾಮಾ ಜನರಲ್ಲಿ ಬಹುಪಾಲಿನವರು ಹಾಗೆ ಸಂಕೋಲೆಯಲ್ಲಿ ತರಲ್ಪಟ್ಟ ಆಫ್ರಿಕನ್ನರ ಸಂತತಿಯವರು. ಅವರಿಗೆ ಗುಲಾಮಗಿರಿಯಿಂದ ಬಿಡುಗಡೆ ದೊರೆತುದು 1834ರಲ್ಲಿ. ನಾಡು ಬ್ರಿಟಿಷರಿಂದ ಸ್ವತಂತ್ರವಾದುದು 1973ರ ಜುಲೈ 10ರಂದು. ಊಟದ ಕೊನೆಗೆ ಸೀಬೆಹಣ್ಣಿನ ತಿರುಳನ್ನು ಹಿಟ್ಟಿನ ಹಾಳೆಯಲ್ಲಿ ಸುತ್ತಿ ಬೇಯಿಸಿದ ಸಿಹಿತಿಂಡಿ ಬರುತ್ತದೆ. ಎಲ್ಲವನ್ನೂ ಕಳೆದುಕೊಂಡು ಬಂದವರು ಸಿಕ್ಕಿದ ಪದಾರ್ಥಗಳಿಂದಲೇ ಹೊಸದೊಂದು ರುಚಿಯನ್ನು ಕಟ್ಟಿಕೊಂಡರು.

ಇಂದು ಆ ನಾಡು ತನ್ನ ಆಹಾರದ ಬಹುಭಾಗವನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಹಡಗಿನಲ್ಲಿ ಬರದೆ ತನ್ನ ಕಡಲಿನಲ್ಲಿಯೇ ದೊರೆಯುವ ಶಂಖದ ಬೆಲೆ ಆದುದರಿಂದ ಇನ್ನೂ ಹೆಚ್ಚು. ಆದರೆ ಬೇಡಿಕೆ ಏರಿದಂತೆ ಶಂಖಗಳ ಸಂಖ್ಯೆ ಕುಗ್ಗುತ್ತಿದೆ. ಈ ಜೀವಿ ಪ್ರೌಢವಾಗಲು ಸುಮಾರು ನಾಲ್ಕು ವರ್ಷ ಬೇಕು. ಆಗ ಮಾತ್ರ ಅದರ ಚಿಪ್ಪಿನ ಅಂಚು ಅಗಲವಾಗಿ ಅರಳುತ್ತದೆ. ಅಂಚು ಅರಳದ ಶಂಖವನ್ನು ಹಿಡಿಯಬಾರದೆಂದು ಅಲ್ಲಿಯ ಕಾನೂನು ಹೇಳುತ್ತದೆ. ಆದರೂ ದಡದಲ್ಲಿ ಎಸೆದ ಚಿಪ್ಪುಗಳ ರಾಶಿಯಲ್ಲಿ ಎಳೆಯವು ಕಂಡುಬಂದಿವೆ. ನಿಧಾನವಾಗಿ ತೆವಳುವ ಈ ಪ್ರಾಣಿಗಳು ವಿರಳವಾದರೆ ಒಂದನ್ನೊಂದು ಸಂಧಿಸುವುದೇ ಕಷ್ಟ, ಸಂಧಿಸದಿದ್ದರೆ ಸಂತಾನವಿಲ್ಲ. ನೆರೆಯ ಫ್ಲಾರಿಡಾದಲ್ಲಿ ಶಂಖಗಳನ್ನು ಮಿತಿಮೀರಿ ಹಿಡಿದುದರಿಂದ 1980ರ ದಶಕದಲ್ಲಿ ಅದನ್ನು ಪೂರ್ಣವಾಗಿ ನಿಷೇಧಿಸಬೇಕಾಯಿತು. ಅಲ್ಲಿಯ ಶಂಖಸಂಪತ್ತು ಇಂದಿಗೂ ಮೊದಲಿನಂತಾಗಿಲ್ಲ. ಬಹಾಮಾದಲ್ಲಿಯೇ 1958ರಲ್ಲಿ ಸ್ಥಾಪಿತವಾದ ಎಕ್ಸುಮಾ ಸಾಗರೋದ್ಯಾನದಲ್ಲಿ 1986ರಿಂದ ಯಾವ ಜಲಚರವನ್ನೂ ಹಿಡಿಯುವಂತಿಲ್ಲ.

ಎಳೆಯ ಶಂಖವನ್ನು ನೀರಿಗೆ ಮರಳಿ ಬಿಡುವ ಬೆಸ್ತನು ಆ ದಿನದ ಸಂಪಾದನೆಯಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತಾನೆ. ಮನೆಯಲ್ಲಿ ಕಾಯುವ ಹಸಿವಿನ ಮುಂದೆ ಅದು ಸಣ್ಣ ನಷ್ಟವೇನಲ್ಲ. ಆದರೆ ಬಿತ್ತನೆಯ ಕಾಳನ್ನು ಬೇಯಿಸಿ ಉಣ್ಣಬಾರದೆಂಬುದನ್ನು ಎಲ್ಲ ನಾಡಿನ ರೈತರೂ ಬಲ್ಲರು. ಕಡಲನ್ನೇ ಹೊಲವಾಗಿ ಪಡೆದವರಿಗೂ ಅದೇ ನೀತಿ ಸಲ್ಲುತ್ತದೆ. ದೂರದಿಂದ ಬಂದ ಅತಿಥಿಯೂ ತನ್ನ ತಟ್ಟೆಗೆ ಬಂದುದು ಬೆಳೆದ ಶಂಖವೋ ಎಳೆಯದೋ ಎಂದು ವಿಚಾರಿಸಿದರೆ, ಬೆಸ್ತನ ಆ ನಷ್ಟದ ಭಾರ ಸ್ವಲ್ಪ ಹಗುರವಾದೀತು.