ಒಂಬತ್ತು ಹ್ಯಾಂಡಿಗೆ ಒಂದು ಗಜ

ಕುದುರೆಯ ಎತ್ತರಕ್ಕೆಂದೇ ಇಂಗ್ಲೆಂಡಿನಲ್ಲಿ ಉಳಿದುಬಂದಿರುವ ‘ಹ್ಯಾಂಡ್’ ಎಂಬ ಮಾನವು ಮೂಲತಃ ಹೆಬ್ಬೆರಳೂ ಸೇರಿದ ಅಂಗೈಯ ಅಡ್ಡಗಲವಾಗಿದ್ದು, ಎಂಟನೆಯ ಹೆನ್ರಿಯ ಕಾಲದಲ್ಲಿ 4 ಇಂಚೆಂದು ನಿಗದಿಯಾಯಿತು. ಗಜಕ್ಕೆ 36 ಇಂಚುಗಳಿರುವುದರಿಂದ ಗಜವನ್ನು 9ರಿಂದ ಗುಣಿಸಿದರೆ ಹ್ಯಾಂಡ್, ಹ್ಯಾಂಡನ್ನು 9ರಿಂದ ಭಾಗಿಸಿದರೆ ಗಜ, ಲೆಕ್ಕ ಇಷ್ಟೇ. ಒಂಬತ್ತು ಗಜದ ಸೀರೆಯನ್ನು ಹದಿನೆಂಟು ಮೊಳವೆನ್ನುವ ರೂಢಿಗೆ ಬದಲಾಗಿ ಎಂಬತ್ತೊಂದು ಹ್ಯಾಂಡ್ ಎಂದರೂ ಗಣಿತಕ್ಕೆ ಅಭ್ಯಂತರವಿಲ್ಲ, ಉಡುವವರಿಗೆ ಇರಬಹುದು.

ತೊಡಕಿರುವುದು ಗುಣಾಕಾರದಲ್ಲಲ್ಲ, ಚುಕ್ಕೆಯಲ್ಲಿ. ಕುದುರೆಯನ್ನು ಸಮನೆಲದ ಮೇಲೆ ನಿಲ್ಲಿಸಿ, ಕುತ್ತಿಗೆಯು ಬೆನ್ನನ್ನು ಕೂಡುವಲ್ಲಿ ಹೆಗಲ ಮೇಲೆ ಎದ್ದಿರುವ ಉಬ್ಬಿನವರೆಗೆ ಅಳೆದು, ತಲೆಯನ್ನು ಲೆಕ್ಕಕ್ಕೆ ಹಿಡಿಯದೆ, 15.2 ಎಂದು ಬರೆದಾಗ ಆ ಚುಕ್ಕೆಯು ದಶಮಾಂಶದ ಗುರುತಾಗಿರದೆ 15 ಹ್ಯಾಂಡ್ ಮತ್ತು 2 ಇಂಚು, ಅಂದರೆ 62 ಇಂಚು, ಎಂಬುದನ್ನು ಸೂಚಿಸುತ್ತದೆ. ಹೀಗಾಗಿ ಚುಕ್ಕೆಯ ಬಲಕ್ಕೆ 3ಕ್ಕಿಂತ ದೊಡ್ಡ ಅಂಕಿ ಬರುವಂತಿಲ್ಲ, 15.3ರ ಮೇಲೆ ಒಂದು ಇಂಚು ಬೆಳೆದ ಕುದುರೆ ನೇರವಾಗಿ 16ಕ್ಕೆ ಏರುತ್ತದೆ. ಇದನ್ನರಿಯದೆ 15.2ನ್ನು ಹಾಗೆಯೇ 9ರಿಂದ ಭಾಗಿಸಿದರೆ ಸುಮಾರು 1.69 ಗಜ ಬರುತ್ತದೆ. ಸರಿಯಾದ ಉತ್ತರ 1.72. ಮೊದಲು ಎಲ್ಲವನ್ನೂ ಇಂಚಿಗೆ ಇಳಿಸಿ ಅನಂತರ 36ರಿಂದ ಭಾಗಿಸುವುದೇ ಕ್ಷೇಮ.

ಈ ಕಿರುಮಾನದ ಹಿಂದೆ ರಾಜ್ಯದ ಹಿತವೂ ಇತ್ತು. ಯುದ್ಧಕ್ಕೆ ದೊಡ್ಡ ಕುದುರೆಗಳು ಬೇಕಿದ್ದ ಹೆನ್ರಿಯ ಆಡಳಿತವು 1540ರ ಕಾನೂನಿನ ಮೂಲಕ ಹಲವು ಪ್ರಾಂತಗಳಲ್ಲಿ 15 ಹ್ಯಾಂಡಿಗಿಂತ ಗಿಡ್ಡಾದ ಗಂಡುಕುದುರೆಗಳನ್ನು ಸಾರ್ವಜನಿಕ ಹುಲ್ಲುಗಾವಲಿಗೆ ಬಿಡದಂತೆ ತಡೆಯಿತು. ಇತ್ತ ಭಾರತದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಉತ್ತಮಾಶ್ವದ ಎತ್ತರವನ್ನು 80 ಅಂಗುಲವೆನ್ನುತ್ತದೆ. 24 ಅಂಗುಲಗಳ ಹಸ್ತವನ್ನು, ಅಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಮೊಳವನ್ನು, 18 ಇಂಚೆಂದು ಹಿಡಿದರೆ ಆ 80 ಅಂಗುಲವು 60 ಇಂಚಾಗಿ, ಹ್ಯಾಂಡಿನಲ್ಲಿ ಸರಿಯಾಗಿ 15 ಆಗುತ್ತದೆ. ಮೊಳದ ಅಳತೆ ಊರಿಗೊಂದು ಕಾಲಕ್ಕೊಂದು ಆಗಿದ್ದುದರಿಂದ ಇದನ್ನು ಕಾಕತಾಳೀಯವೆನ್ನುವುದೇ ಲೇಸು, ಆದರೂ ಸವಾರಿಯ ಕುದುರೆಯಿಂದ ಎರಡು ನಾಡುಗಳು ಬಯಸಿದ್ದು ಹೆಚ್ಚುಕಡಿಮೆ ಒಂದೇ ಮೈಕಟ್ಟನ್ನು ಎಂದು ಊಹಿಸಲು ಅಡ್ಡಿಯಿಲ್ಲ.

1959ರಲ್ಲಿ ಆಂಗ್ಲಭಾಷೆಯ ಆರು ದೇಶಗಳು ಗಜವನ್ನು 0.9144 ಮೀಟರ್ ಎಂದು ಒಪ್ಪಿದಾಗ ಹ್ಯಾಂಡ್ ಕೂಡ ತಾನಾಗಿ 10.16 ಸೆಂಟಿಮೀಟರಿಗೆ ನಿಂತಿತು. ಬಟ್ಟೆಯಂಗಡಿಯಲ್ಲಿ ಮೀಟರು ಗಜವನ್ನು ಬಹುಮಟ್ಟಿಗೆ ಹಿಂದಕ್ಕೆ ಸರಿಸಿದೆ; ಲಾಯದಲ್ಲಿ ಹ್ಯಾಂಡ್ ಮಾತ್ರ ಜಗ್ಗಿಲ್ಲ. ಕುದುರೆಗೂ ಪೋನಿ ಎಂಬ ಗಿಡ್ಡ ಕುದುರೆಗೂ ನಡುವಿನ ಸಾಂಪ್ರದಾಯಿಕ ಗಡಿ 14.2 ಹ್ಯಾಂಡ್, ಅಂದರೆ 147.32 ಸೆಂಟಿಮೀಟರ್; ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮವು ಇದನ್ನು, ಲಾಳವಿಲ್ಲದೆ ಅಳೆದಾಗ, 148ಕ್ಕೆ ದುಂಡಾಗಿಸಿರುವುದರಿಂದ, ಹ್ಯಾಂಡಿನ ಲೆಕ್ಕದಲ್ಲಿ ಕೂದಲೆಳೆಯಷ್ಟು ಹೆಚ್ಚಿ ಕುದುರೆಯೆನಿಸಿದ ಪ್ರಾಣಿಯು ಸೆಂಟಿಮೀಟರಿನಲ್ಲಿ ಮತ್ತೆ ಪೋನಿಯಾಗುವುದುಂಟು.