ರೆಗ್ಯುಲೇಟರಿಗೆ ಎಷ್ಟು ವಯಸ್ಸಾಯಿತು?

ನಿಮ್ಮ ಹಿರಿಯ ಮಗನ ವಯಸ್ಸು ಕೇಳಿದರೆ ಥಟ್ಟನೆ ಹೇಳುತ್ತೀರಿ. ಮದುವೆಯಾಗಿ ಎಷ್ಟು ವರ್ಷವಾಯಿತೆಂಬುದೂ ನೆನಪಿರುತ್ತದೆ. ಆದರೆ ನಿಮ್ಮ ಗ್ಯಾಸ್ ಸಿಲಿಂಡರಿನ ತಲೆಯ ಮೇಲೆ ಕುಳಿತಿರುವ ರೆಗ್ಯುಲೇಟರಿಗೆ ಎಷ್ಟು ವಯಸ್ಸು? ಅದರಿಂದ ಒಲೆಗೆ ಹೋಗುವ ರಬ್ಬರ್ ಪೈಪಿಗೆ ಎಷ್ಟು? ಚಿತ್ರದುರ್ಗದಲ್ಲಿ ನಾವು ನಡೆಸುವ ಮಹಿಳೆಯರ ವಾರದ ತರಗತಿಯಲ್ಲಿ ಈ ಪ್ರಶ್ನೆ ಕೇಳಿದೆ. ಇಪ್ಪತ್ತಕ್ಕೂ ಹೆಚ್ಚು ಮಂದಿ ಇದ್ದರು. ಉತ್ತರ ಕೊಟ್ಟವರು ಇಬ್ಬರೇ! ಅವರಲ್ಲಿ ಒಬ್ಬರು, "ಬಹು ಮನೆಗೆ ಬಂದ ವರ್ಷ ತಂದದ್ದು ಆಪಾ, ಈಗ ಮೊಮ್ಮಗ ಐದನೇ ಕ್ಲಾಸು" ಎಂದು ನಕ್ಕರು. ಉಳಿದವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಅಡುಗೆಮನೆಯಿಂದಲ್ಲ, ಸಮುದ್ರದಿಂದ. ನನ್ನ ಅಕ್ಕನ ಮಗ ಗೆಳೆಯರೊಂದಿಗೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿ ನೀರಿನಾಳಕ್ಕೆ ಇಳಿದು ಬಂದಿದ್ದ. ಸ್ಕೂಬಾ ಡೈವಿಂಗ್ ಅಂತೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮೀನುಗಳ ನಡುವೆ ತೇಲುವುದು. ಅವನು ಮೀನಿನ ಬಣ್ಣಗಳನ್ನು ವರ್ಣಿಸುತ್ತಿದ್ದರೆ ನನ್ನ ಅಕ್ಕ, ಅಂದರೆ ಅವನ ತಾಯಿ, ಕೇಳಿದ್ದು ಒಂದೇ ಮಾತು: "ಆ ಗಾಳಿ ನಿನ್ನ ಬಾಯಿಗೆ ಹೇಗೆ ಬಂತು? ಅದು ನಿಂತು ಹೋಗಿದ್ದರೆ?" ತಾಯಿಯ ಪ್ರಶ್ನೆ ಯಾವಾಗಲೂ ಸರಿಯಾದ ಜಾಗಕ್ಕೇ ಹೋಗಿ ಮುಟ್ಟುತ್ತದೆ.

ಅದಕ್ಕೂ ಒಂದು ರೆಗ್ಯುಲೇಟರ್ ಇದೆ ಎಂದ ಹುಡುಗ. ಆ ಸಿಲಿಂಡರಿನಲ್ಲಿ ಗಾಳಿಯನ್ನು ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 200 ಪಟ್ಟು ಒತ್ತಿ ತುಂಬಿರುತ್ತಾರೆ. ಅದನ್ನು ನೇರವಾಗಿ ಉಸಿರಾಡಲು ಯಾರಿಂದಲೂ ಸಾಧ್ಯವಿಲ್ಲ. ರೆಗ್ಯುಲೇಟರ್ ಎರಡು ಹಂತಗಳಲ್ಲಿ ಆ ಒತ್ತಡವನ್ನು ಇಳಿಸಿ, ಎಳೆದಷ್ಟೇ ಉಸಿರನ್ನು ಬಾಯಿಗೆ ಕೊಡುತ್ತದೆ. ಅದರೊಳಗಿನ ರಬ್ಬರ್ ಉಂಗುರಗಳು ಬಳಕೆಯಿಂದ ಸವೆಯುತ್ತವೆ, ಉಪ್ಪು ನೀರು ಒಣಗಿ ಹರಳುಗಟ್ಟುತ್ತದೆ. ಆದ್ದರಿಂದ ಪ್ರತಿ ಸಲವೂ ಸಿಹಿ ನೀರಿನಲ್ಲಿ ತೊಳೆಯಬೇಕು. ವರ್ಷಕ್ಕೊಮ್ಮೆ ಅಥವಾ ನೂರು ಸಲ ಮುಳುಗಿದ ಮೇಲೆ, ಯಾವುದು ಮೊದಲೋ ಆಗ, ಬಿಚ್ಚಿ ಸರ್ವೀಸ್ ಮಾಡಿಸಬೇಕೆಂಬುದು ಬಹುಕಾಲದಿಂದ ಇರುವ ವಾಡಿಕೆ. ಕೆಲವು ಕಂಪನಿಗಳು ಎರಡು ವರ್ಷದ ಅವಧಿ ಹೇಳಿದರೂ ನಡುವೆ ಒಮ್ಮೆ ಪರೀಕ್ಷಿಸಿ ಎನ್ನುತ್ತವೆ. ಸರ್ವೀಸ್ ಮಾಡುವವರು ಹಳೆಯ ರಬ್ಬರ್ ಉಂಗುರ ಚೆನ್ನಾಗಿಯೇ ಕಂಡರೂ ಎಸೆದು ಹೊಸದು ಹಾಕುತ್ತಾರೆ. ನೋಡಿ, ಮೋಜಿಗಾಗಿ ಅರ್ಧ ಗಂಟೆ ನೀರಿಗಿಳಿಯುವವರ ಸಲಕರಣೆಗೆ ಇಷ್ಟು ಲೆಕ್ಕಾಚಾರ! ದಿನಕ್ಕೆ ಮೂರು ಹೊತ್ತು, ವರ್ಷದ ಅಷ್ಟೂ ದಿನ ನಾವು ನಿಂತು ಅಡುಗೆ ಮಾಡುವ ಜಾಗದಲ್ಲಿರುವ ರೆಗ್ಯುಲೇಟರಿಗೆ?

ಇದರ ಕೆಲಸವೂ ಅದೇ. ಮಕ್ಕಳಿಗೆ ನಾನು ಮಾರಿಕಣಿವೆಯ ಉದಾಹರಣೆ ಕೊಡುತ್ತೇನೆ. ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ನಾವೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಹೋಗಿದ್ದೆವಲ್ಲ? ಕಟ್ಟೆಯೊಳಗೆ ಎಷ್ಟೇ ನೀರು ನಿಂತಿರಲಿ, ಕಾಲುವೆಗೆ ಹೋಗುವುದು ತೂಬು ಬಿಟ್ಟಷ್ಟೇ. ತೂಬು ಕಿತ್ತು ಹೋದರೆ ತೋಟಕ್ಕೆ ನೀರಲ್ಲ, ಪ್ರವಾಹ. ನಮ್ಮ ಸಿಲಿಂಡರಿನೊಳಗಿನ ಗ್ಯಾಸಿನ ಒತ್ತಡದಲ್ಲಿ ನೂರಕ್ಕೆ ಒಂದು ಪಾಲೂ ಒಲೆಗೆ ಬೇಕಿಲ್ಲ. ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂನಷ್ಟು ಸಾಕು. ಅಷ್ಟಕ್ಕೆ ಇಳಿಸುವುದು ರೆಗ್ಯುಲೇಟರಿನೊಳಗಿನ ಒಂದು ಸ್ಪ್ರಿಂಗ್ ಮತ್ತು ರಬ್ಬರಿನ ಒಂದು ತೆಳು ಪದರ. ಆ ಪದರ ಹರಿದರೆ ರೆಗ್ಯುಲೇಟರಿನ ಮೇಲಿರುವ ಚಿಕ್ಕ ರಂಧ್ರದಿಂದ ಗ್ಯಾಸ್ ಹೊರಬರುತ್ತದೆ. ಆ ರಂಧ್ರವನ್ನು ಮೇಣದಿಂದಲೋ ಸಾಬೂನಿನಿಂದಲೋ ಮುಚ್ಚುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ನಾನು ಹೇಳಬೇಕಾದ ಸಂಗತಿ ಹೊಳಲ್ಕೆರೆ ಕಡೆಯ ನಮ್ಮ ಸಂಬಂಧಿಕರ ಮನೆಯದು. ಕೆಲವು ವರ್ಷಗಳ ಹಿಂದಿನ ರಮಝಾನ್. ಮನೆಯ ಸೊಸೆಗೆ ಇಪ್ಪತ್ತೆರಡು ವರ್ಷ, ಮಡಿಲಲ್ಲಿ ಎಂಟು ತಿಂಗಳ ಕೂಸು. ಸಹ್ರಿಗೆ ಎಲ್ಲರಿಗಿಂತ ಮೊದಲು ಏಳುವವಳು ಅವಳೇ. ಬೆಕ್ಕು ಬರುತ್ತದೆಂದು ರಾತ್ರಿ ಅಡುಗೆಮನೆಯ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ್ದರು. ಅವಳಿಗೆ ಆ ವಾರ ನೆಗಡಿ, ಮೂಗು ಕಟ್ಟಿತ್ತು. ಬಾಗಿಲು ತೆರೆದು, ಕತ್ತಲೆಯಲ್ಲಿ ಕೈ ಚಾಚಿ ಲೈಟಿನ ಸ್ವಿಚ್ ಒತ್ತಿದಳು, ಅಷ್ಟೇ.

ಅಲ್ಹಮ್ದುಲಿಲ್ಲಾಹ್, ಅವಳು ಬದುಕಿದಳು. ಮೊದಲು ಚಿತ್ರದುರ್ಗಕ್ಕೆ, ಅಲ್ಲಿಂದ ದಾವಣಗೆರೆಗೆ ಒಯ್ದರು. ಎರಡೂ ಕೈ ಮತ್ತು ಮುಖದ ಒಂದು ಪಕ್ಕ ಸುಟ್ಟಿತ್ತು. ನಾನು ನೋಡಲು ಹೋದಾಗ ಕೂಸು ಅತ್ತೆಯ ತೊಡೆಯ ಮೇಲೆ ಅಳುತ್ತಿತ್ತು. ತಾಯಿ ಬ್ಯಾಂಡೇಜ್ ಸುತ್ತಿದ ಕೈಗಳನ್ನು ಎತ್ತಿ ಹಾಗೆಯೇ ಇಳಿಸಿದಳು. ಮೂರು ತಿಂಗಳು ಅವಳಿಗೆ ಮಗುವನ್ನು ಎತ್ತಿಕೊಳ್ಳಲಾಗಲಿಲ್ಲ.

ಗ್ಯಾಸ್ ಸೋರಿದ್ದು ಪೈಪಿನಿಂದ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ತಂದ ಪೈಪು, ಐಎಸ್‌ಐ ಗುರುತಿಲ್ಲ, ಒಂಬತ್ತು ವರ್ಷ ಹಳೆಯದು. ಎಣ್ಣೆ ಜಿಡ್ಡು ಅಂಟಬಾರದೆಂದು ಅದಕ್ಕೆ ಹೂವಿನ ಬಟ್ಟೆಯ ಚೀಲ ಹೊಲಿದು ತೊಡಿಸಿದ್ದರು. ಅಂದವಾಗಿಯೇ ಇತ್ತು. ಆದರೆ ಅದರ ಕೆಳಗೆ ಬಿರುಕು ಬಿಟ್ಟದ್ದು ಯಾರಿಗೂ ಕಾಣಲಿಲ್ಲ. ನಮ್ಮ ಕಡೆ ಫ್ರಿಜ್ಜಿಗೆ, ಮಿಕ್ಸಿಗೆ, ಟಿವಿಗೆ ಗವಸು ಹೊಲಿಯುವುದು ಒಂದು ಕಲೆಯೇ ಆಗಿಬಿಟ್ಟಿದೆ. ಹೊಲಿಯಿರಿ, ಬೇಡವೆನ್ನುವುದಿಲ್ಲ. ಗ್ಯಾಸ್ ಪೈಪನ್ನು ಮಾತ್ರ ಬೆತ್ತಲೆಯಾಗಿಯೇ ಬಿಡಿ.

ನೋಡಲು ಬಂದವರೆಲ್ಲ "ತಕ್ದೀರ್" ಎಂದು ನಿಟ್ಟುಸಿರು ಬಿಟ್ಟರು. ವಿಧಿಯ ಮೇಲಿನ ವಿಶ್ವಾಸ ನಮ್ಮ ಈಮಾನಿನ ಭಾಗ, ಅದರಲ್ಲಿ ಸಂಶಯವಿಲ್ಲ. ಆದರೆ ಒಂಬತ್ತು ವರ್ಷ ಪೈಪು ಬದಲಿಸದಿರುವುದಕ್ಕೆ ತಕ್ದೀರ್ ಎಂಬ ಹೆಸರಿಡುವುದು ನ್ಯಾಯವೇ? ಮದೀನಾದಲ್ಲಿ ಒಂದು ರಾತ್ರಿ ಒಂದು ಮನೆ ಮನೆಯವರ ಸಮೇತ ಸುಟ್ಟು ಹೋದಾಗ ಪ್ರವಾದಿವರ್ಯರು(ಸ) ಏನು ಮಾಡಿದರು? ಬೆಂಕಿ ನಿಮ್ಮ ಶತ್ರುವೆಂದೂ ಮಲಗುವ ಮುನ್ನ ಅದನ್ನು ನಂದಿಸಬೇಕೆಂದೂ ಜನರಿಗೆ ತಾಕೀತು ಮಾಡಿದರು. ಇದು ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಇನ್ನೊಂದು ಹದೀಸಿನಲ್ಲಿ ಇಲಿಯು ದೀಪದ ಬತ್ತಿಯನ್ನು ಎಳೆದೊಯ್ದು ಮನೆಯವರನ್ನು ಸುಟ್ಟೀತೆಂಬ ಎಚ್ಚರಿಕೆಯಿದೆ. ಮದ್ರಸದಲ್ಲಿ ಇದನ್ನು ಓದಿದಾಗ ನಮಗೆ ಎಣ್ಣೆ ದೀಪವಷ್ಟೇ ಕಣ್ಣ ಮುಂದೆ ಬಂದಿತ್ತು. ಇಂದು ನಮ್ಮ ಊರುಗಳ ಇಲಿಗಳು ಗ್ಯಾಸ್ ಪೈಪನ್ನೇ ಕಡಿಯುತ್ತಿವೆ! ಇಶಾ ನಮಾಝ್ ಮುಗಿಸಿ ಮಲಗುವ ಮುನ್ನ ರೆಗ್ಯುಲೇಟರ್ ಆಫ್ ಮಾಡುವ ಮಹಿಳೆ ಆ ಸುನ್ನತ್ತಿನ ಮೇಲೆಯೇ ನಡೆಯುತ್ತಿದ್ದಾಳೆಂದು ನಾನು ನಂಬುತ್ತೇನೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ? ಈಗ ಗ್ಯಾಸ್ ಏಜೆನ್ಸಿಗಳು ಕೊಡುವ ಕಿತ್ತಳೆ ಬಣ್ಣದ, ಒಳಗೆ ತಂತಿಯ ಹೆಣಿಗೆಯಿರುವ 'ಸುರಕ್ಷಾ' ಪೈಪಿನ ಆಯುಷ್ಯ ಐದು ವರ್ಷ. ತಯಾರಾದ ವರ್ಷ ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಒಂದೂವರೆ ಮೀಟರಿಗಿಂತ ಉದ್ದ ಬೇಡ, ಜೋಡಿಸಿದ ಪೈಪು ಬೇಡವೇ ಬೇಡ. ರೆಗ್ಯುಲೇಟರನ್ನು ಮನೆಯಲ್ಲಿ ಬಿಚ್ಚಿ ಸರ್ವೀಸ್ ಮಾಡುವಂತಿಲ್ಲ, ಬೀದಿಯ ರಿಪೇರಿಯವನ ಕೈಗೆ ಕೊಡುವಂತೆಯೂ ಇಲ್ಲ. ನಾಬ್ ಸಡಿಲವಾದರೆ, ಸಿಲಿಂಡರಿನ ಮೇಲೆ ಗಟ್ಟಿಯಾಗಿ ಕೂರದೆ ಅಲುಗಾಡಿದರೆ, ಸುಯ್ ಎಂಬ ಸದ್ದು ಬಂದರೆ ಏಜೆನ್ಸಿಗೆ ಒಯ್ದು ಬದಲಿಸಿಕೊಳ್ಳಿ. ಸೋರಿಕೆ ಇದೆಯೇ ಎಂದು ನೋಡಲು ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವ ಪದ್ಧತಿ ಹೊಸದುರ್ಗದ ಕಡೆ ಇನ್ನೂ ಇದೆ ಎಂದು ಕೇಳಿ ನನಗೆ ಮೈ ಜುಮ್ಮೆಂದಿತು.

ಸಿಲಿಂಡರಿಗೂ ಒಂದು ವಯಸ್ಸಿದೆ. ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲೊಂದು ಮತ್ತು ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅಂಕಿ ಎಂದರೆ ಇಸವಿ. ಅಷ್ಟರೊಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ಅವಧಿ ಮೀರಿದ್ದನ್ನು ತಂದರೆ ಬಾಗಿಲಲ್ಲೇ ವಾಪಸು ಕಳಿಸಿ, ಸಂಕೋಚ ಬೇಡ. ಕ್ಯಾಪ್ ತೆಗೆಸಿ, ಒಳಗಿನ ವಾಷರ್ ಇದೆಯೇ ಎಂದು ಅವರ ಎದುರೇ ನೋಡಿ.

ಐದು ವರ್ಷಕ್ಕೊಮ್ಮೆ ಏಜೆನ್ಸಿಯವರು ಮನೆಗೆ ಬಂದು ಒಲೆ, ಪೈಪು, ರೆಗ್ಯುಲೇಟರ್ ಎಲ್ಲವನ್ನೂ ತಪಾಸಣೆ ಮಾಡಬೇಕೆಂಬ ನಿಯಮವಿದೆ. ಇಲ್ಲಿ ನಮ್ಮ ಮನೆಗಳದ್ದೇ ಒಂದು ತೊಡಕು. ಗಂಡಸರು ಕೆಲಸಕ್ಕೆ ಹೋದ ಹೊತ್ತಿಗೆ ತಪಾಸಣೆಯವನು ಬರುತ್ತಾನೆ. ಪರಪುರುಷನನ್ನು ಅಡುಗೆಮನೆಗೆ ಬಿಡುವುದು ಹೇಗೆಂದು ನಾವು ಹಿಂಜರಿಯುತ್ತೇವೆ. ಅವನಿಗೂ ಅದೇ ಬೇಕು. "ಇಲ್ಲೊಂದು ಸೈನ್ ಹಾಕಿ ಅಮ್ಮಾ" ಎಂದು ಕಾಗದ ಚಾಚಿ, ಹೊಸ್ತಿಲಿಂದಲೇ ತಪಾಸಣೆ ಮುಗಿಸಿ ಹೊರಡುತ್ತಾನೆ. ನಮ್ಮ ಬಾಗಿಲಿಗೂ ಒಬ್ಬ ಹಾಗೆಯೇ ಬಂದಿದ್ದ. ಸಂಜೆ ಮನೆಯವರು ಇರುವಾಗ ಬಾ, ಆಗಲೇ ಸಹಿ ಎಂದೆ. ಗೊಣಗಿದ, ಆದರೆ ಬಂದ. ಪರ್ದಾ ಪಾಲಿಸಲು ತಪಾಸಣೆಯನ್ನೇ ಬಿಡಬೇಕಿಲ್ಲ, ಸಮಯ ಬದಲಿಸಿದರೆ ಸಾಕು. ನೋಡದ ತಪಾಸಣೆಗೆ ಸಹಿ ಹಾಕುವುದು ಸುಳ್ಳು ಸಾಕ್ಷಿಗೆ ಹತ್ತಿರದ್ದೇ ಅಲ್ಲವೇ?

ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ನಿಲ್ಲುತ್ತದೆ. ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಕ್ಯಾಪ್ ಹಾಕಿ, ಮಕ್ಕಳೊಂದಿಗೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಆ ನಂಬರ್ ಸಿಗುತ್ತದೆ. ರಮಝಾನಿನಲ್ಲಿ ಸಹ್ರಿಗೆ ಎದ್ದಾಗ ಅಡುಗೆಮನೆಯ ಬಾಗಿಲು ತೆರೆದು ಒಂದು ಕ್ಷಣ ನಿಂತು ಮೂಸಿ, ಆಮೇಲೆ ಲೈಟು ಹಾಕಿ.

ಅನಾಹುತವಾದರೆ ಪರಿಹಾರವೂ ಇದೆಯೆಂಬುದು ಹೊಳಲ್ಕೆರೆಯ ಆ ಮನೆಯವರಿಗೆ ಗೊತ್ತಿರಲಿಲ್ಲ. ನಾವು ಕಂತು ಕಟ್ಟದಿದ್ದರೂ ತೈಲ ಕಂಪನಿಗಳ ವಿಮೆಯಲ್ಲಿ ಮರಣಕ್ಕೆ 6 ಲಕ್ಷ, ಗಾಯಾಳುವಿನ ಚಿಕಿತ್ಸೆಗೆ 2 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಅವರು ಏಜೆನ್ಸಿಗೆ ತಿಳಿಸಲೇ ಇಲ್ಲ. ಮರ್ಯಾದೆಯ ಪ್ರಶ್ನೆ ಎಂದು ಸುಮ್ಮನಾದರು. ಚಿಕಿತ್ಸೆಗೆ ಅವಳ ಮದುವೆಯ ಬಳೆಗಳು ಮಾರಾಟವಾದವು.

2016ರಲ್ಲಿ ಉಜ್ವಲ ಯೋಜನೆ, ಮರುವರ್ಷ ರಾಜ್ಯದ ಅನಿಲ ಭಾಗ್ಯ ಬಂದಾಗ ನಮ್ಮ ಆರೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಎಷ್ಟೋ ಬಡ ಮನೆಗಳಿಗೆ ಮೊದಲ ಬಾರಿ ಗ್ಯಾಸ್ ಒಲೆ ಬಂತು. ಲೆಕ್ಕ ಹಾಕಿ ನೋಡಿ, ಅಂದು ಕೊಟ್ಟ ಪೈಪುಗಳ ಆಯುಷ್ಯ ಯಾವಾಗಲೋ ಮುಗಿದಿದೆ. ಸಿಲಿಂಡರ್ ತುಂಬಿಸುವುದೇ ಕಷ್ಟವಾಗಿರುವ ಮನೆಯಲ್ಲಿ ಪೈಪಿನ ಚಿಂತೆ ಯಾರು ಮಾಡುತ್ತಾರೆ? ನಮ್ಮ ತರಗತಿಯ ಸಹೋದರಿಯರು ಕಳೆದ ತಿಂಗಳು ಸದಕಾದ ಹಣದಲ್ಲಿ ಹನ್ನೊಂದು ಪೈಪುಗಳನ್ನು ಕೊಂಡರು. ಜಾತಿ ಧರ್ಮ ನೋಡದೆ ನಮ್ಮ ಓಣಿಯ ವಿಧವೆಯರ ಮನೆಗಳಿಂದ ಶುರು ಮಾಡಿದ್ದೇವೆ. ಏಳು ಮನೆ ಆಗಿದೆ, ನಾಲ್ಕು ಬಾಕಿ ಇದೆ.