ಉತ್ತರ ಪಿನಾಕಿನಿ ಎತ್ತ ಹರಿಯುತ್ತದೆ?

2024 ಜುಲೈ 9, ಮಂಗಳವಾರ. ಗೌರಿಬಿದನೂರು

ಮಕ್ಕಳು ಭೂಗೋಳ ಕಲಿಯುವ ಬಗೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ಮೇಡಂ ಒಬ್ಬರು ಬೆಂಗಳೂರಿನಿಂದ ಬಂದಿದ್ದರು. ಕೈಯಲ್ಲಿ ಪ್ರಶ್ನೆಪತ್ರಿಕೆಗಳ ಕಟ್ಟು. ನನಗೆ ಒಳಗೊಳಗೇ ಬೇಸರ. ಕೆಲವು ವರ್ಷಗಳ ಹಿಂದೆ ಹೀಗೇ ಒಬ್ಬರು ಬಂದು, ಎರಡು ಪೀರಿಯಡ್ ತೆಗೆದುಕೊಂಡು, ಉತ್ತರ ಬರೆಸಿಕೊಂಡು ಹೋದವರು ಮತ್ತೆ ಮುಖ ತೋರಿಸಲಿಲ್ಲ. ನಮ್ಮ ಮಕ್ಕಳ ಉತ್ತರದಿಂದ ಅವರಿಗೆ ಏನು ತಿಳಿಯಿತೋ, ನನಗಂತೂ ಇವತ್ತಿಗೂ ಗೊತ್ತಿಲ್ಲ. ಇದನ್ನು ಇವರ ಮುಂದೆ ಹೇಳಿಯೇಬಿಟ್ಟೆ. "ನಾನು ನಿಮ್ಮ ಜೊತೆ ಕೂತೇ ಓದ್ತೀನಿ ಸರ್" ಅಂದರು. ನೋಡೋಣ.

ಜುಲೈ 12, ಶುಕ್ರವಾರ

ಹೇಳಿದಂತೆ ಬಂದರು. ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಒಂದೊಂದೇ ಹಾಳೆ ತೆಗೆದು ಓದಿದೆವು. ಒಂದು ಪ್ರಶ್ನೆ ಹೀಗಿತ್ತು: ಉತ್ತರ ಪಿನಾಕಿನಿ ನಮ್ಮೂರು ದಾಟಿ ಎತ್ತ ಹರಿಯುತ್ತದೆ? ಬಾಣ ಹಾಕಿ. ಎಂಟನೇ ತರಗತಿಯ ಹೆಚ್ಚಿನವರು ಬಾಣವನ್ನು ದಕ್ಷಿಣಕ್ಕೆ ಹಾಕಿದ್ದಾರೆ. ನಂದಿ ಬೆಟ್ಟದ ಕಡೆ ಹುಟ್ಟಿ, ಹಿಂದೂಪುರದತ್ತ ಉತ್ತರಕ್ಕೆ ಹೋಗುವ ಹೊಳೆ, ಹೆಸರಿನಲ್ಲೇ ಉತ್ತರವಿದೆ. ಮೇಡಂ ಪಕ್ಕದಲ್ಲಿ 'ತಪ್ಪು ಗ್ರಹಿಕೆ' ಎಂದು ಗುರುತು ಹಾಕಿಕೊಳ್ಳುತ್ತಿದ್ದರು. ತಡೆಯಿರಿ, ಮಕ್ಕಳನ್ನೇ ಕೇಳೋಣ ಅಂದೆ.

ಜುಲೈ 15, ಸೋಮವಾರ

ಕೇಳಿದೆವು. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು: "ನಕ್ಷೇಲಿ ಉತ್ತರ ಮೇಲಿದೆಯಲ್ಲ ಸಾರ್. ನೀರು ಮೇಲಕ್ಕೆ ಹೆಂಗೆ ಹರೀತದೆ?"

ನನಗೆ ಮಾತು ಹೊರಡಲಿಲ್ಲ. ಇಪ್ಪತ್ತೆರಡು ವರ್ಷದಿಂದ ಗೋಡೆಗೆ ಭೂಪಟ ನೇತುಹಾಕಿ, ಕೋಲು ಹಿಡಿದು, "ಮೇಲೆ ಉತ್ತರ, ಕೆಳಗೆ ದಕ್ಷಿಣ" ಎಂದು ಬಾಯಿಪಾಠ ಮಾಡಿಸಿದವನು ನಾನೇ. ನೀರು ತಗ್ಗಿಗೇ ಹರಿಯುವುದು ಎಂಬ ಸತ್ಯವನ್ನು ಆ ಮಗು ಬಿಟ್ಟುಕೊಟ್ಟಿಲ್ಲ. ನನ್ನ ಮಾತನ್ನೂ ನಂಬಿದ್ದಾಳೆ. ಎರಡನ್ನೂ ಕೂಡಿಸಿದರೆ ಬಾಣ ದಕ್ಷಿಣಕ್ಕೇ ಹೋಗಬೇಕು. ಹಾಳೆಗಳಲ್ಲಿ ಒಂದೇ ತಪ್ಪು ಸಾಲಾಗಿ ಬಂದದ್ದು ಕಂಡಿದ್ದು ಮೇಡಂಗೆ, ಅದು ಎಲ್ಲಿಂದ ಬಂತೆಂದು ಗೊತ್ತಾಗಿದ್ದು ನನಗೆ. ಒಬ್ಬರೇ ಆಗಿದ್ದರೆ ಇಬ್ಬರಿಗೂ ಅರ್ಧವೇ ದಕ್ಕುತ್ತಿತ್ತು.



ಜುಲೈ 26, ಶುಕ್ರವಾರ

ಮೇಡಂ ಹಿಂದಿನ ಬೆಂಚಿನಲ್ಲಿ ಕೂತು, ನಾನು ದಿಕ್ಕಿಗೆ 'ಮೇಲೆ', 'ಕೆಳಗೆ' ಅಂದಾಗಲೆಲ್ಲ ಗೆರೆ ಎಳೆದಿದ್ದರು. ಪುಟ ನೋಡಿ ಮುಖ ಬಿಸಿಯಾಯಿತು. ಆದರೆ ಎಣಿಸಿ ಎಂದು ಕೇಳಿಕೊಂಡವನು ನಾನೇ.

ಒಂದು ವಿಷಯಕ್ಕೆ ವಾದವಾಯಿತು. ಒಂದು ವಿಭಾಗಕ್ಕೆ 'ಮೇಲೆ', 'ಕೆಳಗೆ' ಇಲ್ಲದ ಹೊಸ ಪಾಠ, ಇನ್ನೊಂದಕ್ಕೆ ಹಳೆಯ ರೀತಿಯಲ್ಲೇ, ಆಮೇಲೆ ಹೋಲಿಸೋಣ ಎಂದರು. ತಪ್ಪೆಂದು ತಿಳಿದ ಮೇಲೂ ಅದನ್ನೇ ಕಲಿಸುವುದು ನನ್ನಿಂದಾಗದು ಅಂದೆ. ಹೋಲಿಸದಿದ್ದರೆ ಯಾವುದು ಕೆಲಸ ಮಾಡಿತೆಂದು ಹೇಗೆ ತಿಳಿಯುತ್ತದೆ ಎಂಬ ಅವರ ಮಾತೂ ಸರಿಯೇ. ಕೊನೆಗೆ 'ಬಿ' ವಿಭಾಗಕ್ಕೆ ಅದೇ ಪಾಠ ಒಂದು ವಾರ ತಡವಾಗಿ ಎಂದು ಒಪ್ಪಿಕೊಂಡೆವು.

ಆಗಸ್ಟ್ 3, ಶನಿವಾರ

ಬೆಳಗಿನ ಶಾಲೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ ನಕ್ಷೆಯನ್ನು ಅಂಗಳದಲ್ಲಿ ಹಾಸಿ, ಮೂಲೆಗೊಂದು ಕಲ್ಲಿಟ್ಟೆವು. ಸೂರ್ಯನನ್ನು ನೋಡಿ, ಹಾಳೆಯ ಉತ್ತರ ನಿಜವಾದ ಉತ್ತರಕ್ಕೆ ಬರುವವರೆಗೆ ಮಕ್ಕಳೇ ತಿರುಗಿಸಿದರು. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಒಂದು ಕಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ. ಅದೇ ಹುಡುಗಿ ಮಂಡಿಯೂರಿ, ಹೊಳೆಯ ಗುಂಟ ಬೆರಳಿಟ್ಟು ಅಂಕಿಗಳನ್ನು ಗಟ್ಟಿಯಾಗಿ ಓದುತ್ತ ಹೋದಳು. ಉತ್ತರಕ್ಕೆ ಸರಿದಂತೆ ಅಂಕಿ ಇಳಿಯಿತು. ಬೆರಳು ನಿಂತಿತು. ತಲೆಯೆತ್ತಿ ಹಿಂದೂಪುರದ ದಿಕ್ಕಿಗೆ ನೋಡಿದಳು.

ಎಲ್ಲರಿಗೂ ಹೊಳೆಯಲಿಲ್ಲ. ಇಬ್ಬರು ಆಮೇಲೂ ಬಾಣವನ್ನು ದಕ್ಷಿಣಕ್ಕೇ ಹಾಕಿದರು.

ಆಗಸ್ಟ್ 21, ಬುಧವಾರ

ಆ ಇಬ್ಬರಿಗಾಗಿಯೇ ಹೊಳೆಗೆ ಹೋದೆವು. ನೀರಿಲ್ಲ, ಬರೀ ಮರಳು, ಜಾಲಿ. ನೀರೇ ಇಲ್ಲದೆ ಏನು ತೋರಿಸುವುದು ಎಂದು ಮೇಡಂ ನನ್ನ ಮುಖ ನೋಡಿದರು. ಅಷ್ಟರಲ್ಲಿ ಆ ಇಬ್ಬರಲ್ಲೊಬ್ಬ, ಕುರಿ ಕಾಯುವ ಮನೆಯವನು, ಸೇತುವೆಯ ಕಂಬದ ಬಳಿ ಕೂಗಿದ. ಹಳೆಯ ನೀರು ತಂದ ಹುಲ್ಲು, ಚಿಂದಿ, ಪ್ಲಾಸ್ಟಿಕ್ ಎಲ್ಲ ಕಂಬದ ದಕ್ಷಿಣದ ಮಗ್ಗುಲಿಗೆ ಸಿಕ್ಕಿಕೊಂಡಿತ್ತು. "ನೀರು ಈ ಕಡೆಯಿಂದ ಬಂದು ಬಡಿದೈತೆ ಸಾರ್, ಆ ಕಡೆ ಹೋಗೈತೆ."

ಮೇಡಂ ಕಂಬದ ಚಿತ್ರ ಬರೆದುಕೊಂಡು, ಪೆನ್ನು ನನ್ನ ಕೈಗಿತ್ತರು. ಮುಂದಿನ ಪ್ರಶ್ನೆಪತ್ರಿಕೆಗೆ ಮೊದಲ ಪ್ರಶ್ನೆ ನೀವೇ ಬರೆಯಿರಿ ಎಂದರು. ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದೆ: ನೀರಿಲ್ಲದ ಹೊಳೆ ಎತ್ತ ಹರಿಯುತ್ತಿತ್ತು ಎಂದು ಹೇಗೆ ಕಂಡುಹಿಡಿಯುತ್ತೀರಿ?